ಪದಚರ್ಚೆ: ‘ಅತಿಬೃಹತ್ ಕಪ್ಪುಕುಳಿ’, ‘ಬೀಜ’, ‘ಸಂಚಯನ’ – ಇವು ಸರಿ ಹೊಂದುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ವಿಶ್ವದ ಮೊದಲ ನೂರು ಕೋಟಿ ವರ್ಷಗಳಲ್ಲಿ ಗೆಲಾಕ್ಸಿಗಳು ಮತ್ತು ಅವುಗಳ ನಟ್ಟನಡುವೆ ಇರುವ ಕಪ್ಪುಕುಳಿಗಳು (‘ಬ್ಲ್ಯಾಕ್ ಹೋಲ್’, ಬೆಳಕೂ ಹೊರಬರಲಾಗದಷ್ಟು ಸೆಳೆತವಿರುವ ಕಾಯಗಳು) ಹೇಗೆ ಬೆಳೆದವು ಎಂಬುದರ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ‘ಗೆಲಾಕ್ಸಿ’ ಬಗ್ಗೆ ನನ್ನ ತಕರಾರಿಲ್ಲ. ಅದಕ್ಕೆ ‘ಬ್ರಹ್ಮಾಂಡ’ ಎಂದು ಬರೆದರೆ ಓದುವವರು ಇಡೀ ವಿಶ್ವ ಅಂದುಕೊಳ್ಳುತ್ತಾರೆ. ‘ಕಪ್ಪುಕುಳಿ’, ‘ಕೃಷ್ಣರಂಧ್ರ’ ಎರಡೂ ಚಾಲ್ತಿಯಲ್ಲಿವೆ, ನಾನು ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ. ತೊಡಕಿರುವುದು ಬೇರೆ ಕೆಲವು ಪದಗಳಲ್ಲಿ.

ಮೊದಲು ‘ಸೂಪರ್‌ಮ್ಯಾಸಿವ್’. ಇದಕ್ಕೆ ‘ಅತಿಬೃಹತ್’ ಎಂದು ಬರೆಯುವ ರೂಢಿ ಇದೆ. ಬೃಹತ್ ಅಂದ ಕೂಡಲೇ ಮನಸ್ಸಿಗೆ ಬರುವುದು ಗಾತ್ರ. ಆದರೆ ಇಲ್ಲಿ ಮುಖ್ಯವಾದದ್ದು ರಾಶಿ (‘ಮಾಸ್’), ಅಂದರೆ ಅದರಲ್ಲಿ ಎಷ್ಟು ದ್ರವ್ಯ ಇದೆ ಎಂಬುದು. ನಮ್ಮ ಹಾಲುಹಾದಿಯ ನಡುವೆ ಇರುವ ಕಪ್ಪುಕುಳಿಯಲ್ಲಿ ಸುಮಾರು 43 ಲಕ್ಷ ಸೂರ್ಯರಷ್ಟು ರಾಶಿ ಇದೆ. ಅಗಲ ನೋಡಿದರೆ ಸೂರ್ಯನ ಸುಮಾರು 18 ಪಟ್ಟು, ಅಷ್ಟೇ! ಬುಧ ಗ್ರಹ ಸುತ್ತುವ ದಾರಿಯೊಳಗೆ ಅದು ಆರಾಮಾಗಿ ಕೂರುತ್ತದೆ. ‘ಅತಿರಾಶಿ’ ಎನ್ನಬಹುದು, ಆದರೆ ಮಕ್ಕಳು ಅದನ್ನು ಮೇಷ, ವೃಷಭದ ಕಡೆ ಎಳೆಯುತ್ತಾರೆ. ನನಗೆ ಹಿಡಿಸಿರುವುದು ‘ಭಾರಿ ಕಪ್ಪುಕುಳಿ’. ಭಾರಿ ವಾಹನ, ಭಾರಿ ಕೈಗಾರಿಕೆ ಎನ್ನುವಾಗ ಆ ಪದದಲ್ಲಿ ಭಾರವೂ ಇದೆ, ದೊಡ್ಡದು ಎಂಬ ಅರ್ಥವೂ ಇದೆ. ಭಾರ ಮತ್ತು ರಾಶಿ ಒಂದೇ ಅಲ್ಲ ಎಂದು ಭೌತವಿಜ್ಞಾನ ಓದಿದವರು ಹೇಳುತ್ತಾರೆ, ನಿಜ. ಆದರೂ ಗಾತ್ರದ ಕಡೆ ಎಳೆಯುವ ‘ಬೃಹತ್’ಗಿಂತ ಇದು ವಾಸಿ ಅಲ್ವಾ?

ಇನ್ನು ‘ಬೀಜ’. ದೊಡ್ಡದಾಗುವ ಮೊದಲು ಇದ್ದ ಕಪ್ಪುಕುಳಿಯನ್ನು ಖಗೋಳ ವಿಜ್ಞಾನಿಗಳು ‘ಸೀಡ್’ ಎನ್ನುತ್ತಾರೆ. ‘ಮರಿ ಕಪ್ಪುಕುಳಿ’ ಎಂದು ಬರೆದು ನೋಡಿದೆ, ಕೇಳಲು ಚೆನ್ನಾಗಿದೆ. ಆದರೆ ಈ ಸೀಡ್‌ಗಳಲ್ಲಿ ಎರಡು ಬಗೆ ಇರಬಹುದು ಎನ್ನುತ್ತಾರೆ. ಮೊದಲ ತಲೆಮಾರಿನ ನಕ್ಷತ್ರ ಸತ್ತು ಉಳಿದ, ನೂರು ಸೂರ್ಯರಷ್ಟಿನ ಹಗುರ ಬೀಜ ಒಂದು. ದೊಡ್ಡ ಅನಿಲ ಮೋಡ ಸಾಮಾನ್ಯ ನಕ್ಷತ್ರಗಳಾಗಿ ಒಡೆಯದೆ ಒಟ್ಟಿಗೇ ಕುಸಿದು ಹುಟ್ಟುವ, ಲಕ್ಷ ಸೂರ್ಯರಷ್ಟಿನ ಭಾರಿ ಬೀಜ ಇನ್ನೊಂದು. ಲಕ್ಷ ಸೂರ್ಯರಷ್ಟಿರುವುದನ್ನು ಮರಿ ಎನ್ನುವುದು ಹೇಗೆ? ಹಾಗಾಗಿ ‘ಬೀಜ’ವೇ ಇರಲಿ ಎಂದುಕೊಂಡಿದ್ದೇನೆ.

ಈ ಎರಡು ಬಗೆ ಯಾಕೆ ಬೇಕು ಎಂದು ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ಒಳಗೆ ಬೀಳುವ ಅನಿಲದಿಂದ ತುಂಬಾ ಪ್ರಖರವಾಗಿ ಬೆಳಗುವ ಗೆಲಾಕ್ಸಿಯ ನಡುಭಾಗಕ್ಕೆ ಕ್ವೇಸಾರ್ ಎನ್ನುತ್ತಾರೆ. ಜೆ0313-1806 ಎಂಬ ಕ್ವೇಸಾರ್‌ನ ಕಪ್ಪುಕುಳಿಯಲ್ಲಿ ಸುಮಾರು 160 ಕೋಟಿ ಸೂರ್ಯರಷ್ಟು ರಾಶಿ ಇದೆ. ನಾವು ನೋಡುತ್ತಿರುವುದು ವಿಶ್ವಕ್ಕೆ ಸುಮಾರು 67 ಕೋಟಿ ವರ್ಷ ವಯಸ್ಸಾಗಿದ್ದಾಗಿನ ಅದರ ರೂಪ. ಒಳಗೆ ಬೀಳುವ ಅನಿಲ ಕಾದು ಬೆಳಗುತ್ತದೆ. ಆ ಬೆಳಕೇ ಮುಂದೆ ಬರುವ ಅನಿಲವನ್ನು ಹೊರಗೆ ತಳ್ಳುತ್ತದೆ. ಇದರಿಂದ ಬೆಳವಣಿಗೆಯ ವೇಗಕ್ಕೆ ಒಂದು ಮಿತಿ ಬೀಳುತ್ತದೆ, ಅದಕ್ಕೆ ಎಡಿಂಗ್ಟನ್ ಮಿತಿ ಎಂದು ಹೆಸರು. ಈ ಮಿತಿಯಲ್ಲೇ ಬಿಡುವಿಲ್ಲದೆ ಬೆಳೆದರೂ ರಾಶಿ ಎರಡರಷ್ಟಾಗಲು ಸುಮಾರು 3.5 ಕೋಟಿ ವರ್ಷ ಬೇಕು. ನೂರರಿಂದ 160 ಕೋಟಿಗೆ ಹೋಗಲು 24 ಸಲ ಇಮ್ಮಡಿಯಾಗಬೇಕು, ಅಂದರೆ 84 ಕೋಟಿ ವರ್ಷ. ವಿಶ್ವಕ್ಕೇ ಅಷ್ಟು ವಯಸ್ಸಾಗಿರಲಿಲ್ಲ! ಲಕ್ಷದಿಂದ ಶುರುವಾದರೆ 14 ಸಲ ಸಾಕು. ಇಲ್ಲವಾದರೆ ಹಗುರ ಬೀಜ ಆ ಮಿತಿಯನ್ನು ಆಗಾಗ ಮೀರಿ ಬೆಳೆದಿರಬೇಕು.

ನಾನು ಹೆಚ್ಚು ಯೋಚಿಸಿರುವುದು ‘ಅಕ್ರೀಷನ್’ ಬಗ್ಗೆ, ಅಂದರೆ ಸುತ್ತಲಿನ ಅನಿಲ ಕಪ್ಪುಕುಳಿಗೆ ಬಂದು ಸೇರುವುದರ ಬಗ್ಗೆ. ‘ಸಂಚಯನ’ ಎಂದು ಬರೆದದ್ದನ್ನು ನೋಡಿದ್ದೇನೆ. ಅದರಲ್ಲಿ ಕೂಡಿಡುವ ಅರ್ಥವಿದೆ, ಚಲನೆ ಇಲ್ಲ. ‘ನುಂಗು’, ‘ಹೀರು’ ಎಂದು ಬರೆಯುವವರೂ ಇದ್ದಾರೆ. ‘ಹೀರು’ ಅಂತೂ ತಪ್ಪು ದಾರಿಗೆ ಎಳೆಯುತ್ತದೆ. ದೂರದಲ್ಲಿರುವ ವಸ್ತುವಿಗೆ ಕಪ್ಪುಕುಳಿಯ ಸೆಳೆತವೂ ಅಷ್ಟೇ ರಾಶಿಯ ಬೇರೆ ಯಾವುದೇ ಕಾಯದ ಸೆಳೆತವೂ ಒಂದೇ. ಸೂರ್ಯನ ಜಾಗದಲ್ಲಿ ಅಷ್ಟೇ ರಾಶಿಯ ಕಪ್ಪುಕುಳಿ ಇಟ್ಟರೆ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ. ಅನಿಲ ನೇರವಾಗಿ ಬಂದು ಬೀಳುವುದಿಲ್ಲ. ಅದಕ್ಕೆ ತಿರುಗುವ ವೇಗ ಇರುತ್ತದೆ. ಸುತ್ತುತ್ತಾ, ಪದರ ಪದರ ಉಜ್ಜುತ್ತಾ, ತಿರುಗುವಿಕೆಯನ್ನು ಹೊರಗಿನ ಪದರಕ್ಕೆ ದಾಟಿಸುತ್ತಾ ನಿಧಾನವಾಗಿ ಒಳಗೆ ಇಳಿಯುತ್ತದೆ. ಒಳಗೆ ಬರುವ ರಾಶಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಬೆಳಕು, ಶಾಖವಾಗಿ ಹೊರಟು ಹೋಗುತ್ತದೆ. ಕತ್ತಲ ಕುಳಿಯನ್ನು ಇಷ್ಟು ದೂರದಿಂದ ಗುರುತಿಸಲು ಸಾಧ್ಯವಾಗಿರುವುದೇ ಈ ಬೆಳಕಿನಿಂದ.

ಈ ಚಲನೆಗೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಸುಳಿ. ಹೀಗೆ ಸುತ್ತುವ ಅನಿಲದ ತಟ್ಟೆಗೆ (ಅಕ್ರೀಷನ್ ಡಿಸ್ಕ್) ‘ಸುಳಿತಟ್ಟೆ’, ಅಕ್ರೀಷನ್‌ಗೆ ‘ಸುಳಿದು ಸೇರುವುದು’ ಎಂದರೆ ಹೇಗೆ? ಬಾಳೆ, ತೆಂಗಿನ ಎಳೆಯ ಚಿಗುರಿಗೂ ಸುಳಿ ಎನ್ನುತ್ತೇವೆ. ಬೆಳವಣಿಗೆಯ ಅರ್ಥವೂ ಅದರೊಳಗೇ ಬಂದಂತಾಯಿತು. ಒಂದೇ ಅನುಮಾನ. ‘ಸುಳಿದು’ ಅಂದರೆ ಹತ್ತಿರ ಸುಳಿದಾಡು ಎಂಬ ಅರ್ಥವೂ ಬರುತ್ತದೆ. ‘ಸುಳಿಸುತ್ತಿ ಸೇರುವುದು’ ಎಂದರೆ ಉದ್ದವಾಯಿತೇ?

ಕೊನೆಯದು ‘ಹೋಸ್ಟ್ ಗೆಲಾಕ್ಸಿ’, ಅಂದರೆ ಕಪ್ಪುಕುಳಿ ಯಾವುದರ ನಡುವೆ ಇದೆಯೋ ಆ ಗೆಲಾಕ್ಸಿ. ‘ಆತಿಥೇಯ ಗೆಲಾಕ್ಸಿ’ ಎಂದು ಬರೆದರೆ ಗೆಲಾಕ್ಸಿ ಮೊದಲೇ ಇತ್ತು, ಕಪ್ಪುಕುಳಿ ಆಮೇಲೆ ಬಂತು ಎಂಬ ಭಾವನೆ ಬರುತ್ತದೆ. ಈಗ ಚರ್ಚೆ ನಡೆಯುತ್ತಿರುವುದೇ ಅದರ ಮೇಲೆ. 2023ರಲ್ಲಿ ವೆಬ್ ಮತ್ತು ಚಂದ್ರಾ ದೂರದರ್ಶಕಗಳು ಸೇರಿ ಗುರುತಿಸಿದ ಯುಎಚ್‌ಜೆಡ್1 ಗೆಲಾಕ್ಸಿಯನ್ನು ನೋಡಿ. ಮಹಾಸ್ಫೋಟವಾದ ಸುಮಾರು 47 ಕೋಟಿ ವರ್ಷಕ್ಕೆ ಅಲ್ಲಿನ ಕಪ್ಪುಕುಳಿಯ ರಾಶಿ, ಅದರ ಎಲ್ಲ ನಕ್ಷತ್ರಗಳ ಒಟ್ಟು ರಾಶಿಗೆ ಹೆಚ್ಚು ಕಡಿಮೆ ಸಮ ಎಂದು ಅಂದಾಜು. ಇವತ್ತಿನ ಹತ್ತಿರದ ಗೆಲಾಕ್ಸಿಗಳಲ್ಲಿ ಕಪ್ಪುಕುಳಿಯ ರಾಶಿ ಸಾಮಾನ್ಯವಾಗಿ ನಕ್ಷತ್ರಗಳ ರಾಶಿಯ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಹಾಗಾಗಿ ಸುಮ್ನೆ ‘ಸುತ್ತಲಿನ ಗೆಲಾಕ್ಸಿ’ ಎಂದು ಬರೆಯುತ್ತಿದ್ದೇನೆ. ಯಾರು ಮೊದಲು ಎಂಬ ತೀರ್ಪು ಅದರಲ್ಲಿಲ್ಲ.

‘ಭಾರಿ ಕಪ್ಪುಕುಳಿ’, ‘ಸುಳಿತಟ್ಟೆ’ ಇವೆರಡನ್ನೂ ಈ ಅರ್ಥದಲ್ಲಿ ಯಾರಾದರೂ ಮೊದಲೇ ಬಳಸಿದ್ದಾರೆಯೇ? ಪಾಠ ಹೇಳುವವರು ಈ ಗುಂಪಿನಲ್ಲಿದ್ದರೆ, ಮಕ್ಕಳ ಮುಂದೆ ಒಮ್ಮೆ ಹೇಳಿ ನೋಡಿ, ಅವರು ಏನೆಂದು ಅರ್ಥ ಮಾಡಿಕೊಂಡರು ಎಂದು ದಯವಿಟ್ಟು ತಿಳಿಸಿ.