‘ಕೆರೆಗೆ ಹಾರ’ಕ್ಕೆ ಗಿಟಾರ್: 14 ಮಕ್ಕಳು ಒಟ್ಟಿಗೆ ನುಡಿಸಿದರೆ ಅಪಶ್ರುತಿ, ದಯವಿಟ್ಟು ಸಹಾಯ ಮಾಡಿ

ಸಂಗೀತದ_ಟೀಚರ್
ಮೂರು ವಾರದಿಂದ ಇದರ ಹಿಂದೆ ಬಿದ್ದು ಸೋತುಹೋಗಿದ್ದೇನೆ. 7ನೇ ತರಗತಿಯ 14 ಮಕ್ಕಳು, ಎಲ್ಲರೂ ಹೊಸಬರು. ಬರುವುದು ಇ ಮೈನರ್ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಈ ಹಾಡಿಗೆ ಅಷ್ಟು ಸಾಕೆಂದುಕೊಂಡೆ. ನೀರೇ ಬಾರದ ಕೆರೆಯಲ್ಲಿ ಭಾಗೀರಥಿ ಒಂದೊಂದು ಮೆಟ್ಟಿಲು ದಾಟಿದಂತೆ ನೀರು ಏರುವ ಜಾಗದಲ್ಲಿ ಕೇಳುವವರ ಮೈ ಜುಮ್ಮೆನ್ನಬೇಕು. ನಮ್ಮಲ್ಲಿ ಕೇಳಿಸುವುದು ಜೇನುಗೂಡಿಗೆ ಕಲ್ಲು ಬಿದ್ದಂಥ ಸದ್ದು. ಮೊಬೈಲಿನ ಟ್ಯೂನರ್ ಇಟ್ಟು ಪ್ರತಿ ಗಿಟಾರನ್ನೂ ನಾನೇ ಶ್ರುತಿ ಮಾಡುತ್ತೇನೆ. ಒಬ್ಬೊಬ್ಬರೇ ನುಡಿಸಿದರೆ ಪರವಾಗಿಲ್ಲ. ಏನು ಮಾಡಲಿ?

ನೈಲಾನ್_ತಂತಿ
ತಂತಿ ಬದಲಿಸಿ ಎಷ್ಟು ದಿನವಾಯಿತು? ಹೊಸ ನೈಲಾನ್ ತಂತಿ ಹಲವು ದಿನ ಸಡಿಲವಾಗುತ್ತಲೇ ಇರುತ್ತದೆ.

ಸಂಗೀತದ_ಟೀಚರ್
ಎರಡು ತಿಂಗಳಾಯಿತು.

ನೈಲಾನ್_ತಂತಿ
ಆದರೂ ತಂತಿಯದೇ ತೊಂದರೆ. ಬಿರಡೆಗೆ ಎಷ್ಟು ಸುತ್ತು ಹಾಕಿದ್ದೀರಿ? ಬ್ರಿಡ್ಜಿನ ಬಳಿ ಗಂಟು ಜಾರುತ್ತಿರಬೇಕು. ಚಿತ್ರ ಹಾಕಿ.

ಸಂಗೀತದ_ಟೀಚರ್
ಹದಿನಾಲ್ಕರಲ್ಲೂ ಜಾರುತ್ತದೆಯೇ? ಒಂದೊಂದನ್ನೂ ನೋಡಿದೆ, ಜಾರಿಲ್ಲ.

ಏಕತಾರಿ
ಗಿಟಾರ್ ಏಕೆ ಬೇಕಿತ್ತು ಎಂಬುದೇ ನನ್ನ ಪ್ರಶ್ನೆ. ಇದು ದೆವ್ವದ ಕಥೆಯಲ್ಲ. ಗಂಡ ದಂಡಿನಲ್ಲಿದ್ದಾಗ ಕಿರಿಸೊಸೆಯನ್ನು ಮನೆಯವರೇ ಕೆರೆಗೆ ಬಲಿ ಕೊಡುತ್ತಾರೆ. ಹೆದರಿಕೆ ಹುಟ್ಟುವುದು ಅಲ್ಲಿ. ಅದಕ್ಕೆ ಒಂದು ತಂತಿ ಸಾಕು.

ಹನ್ನೆರಡು_ತಂತಿ
ಒಪ್ಪುವುದಿಲ್ಲ. ನಾನು ಗೀಗೀ ಪದಕ್ಕೂ 12 ತಂತಿಯ ಗಿಟಾರ್ ನುಡಿಸುತ್ತೇನೆ. ತುಂತುಣಿಯ ನಾದವನ್ನು ಲೂಪರಿನಲ್ಲಿ ಹಿಡಿದಿಟ್ಟು ಮೇಲೆ ರಿವರ್ಬ್ ಹಾಕಿದರೆ ಕೋಣೆ ತುಂಬುತ್ತದೆ. ಹೋದ ತಿಂಗಳು ಟ್ಯೂಬ್ ಆಂಪ್ಲಿಫೈಯರ್ ಕೂಡ ತಂದೆ.

ಏಕತಾರಿ
ಅವರು ಕೇಳಿದ್ದು ಮಕ್ಕಳ ತರಗತಿಯ ಬಗ್ಗೆ ಸರ್.

ಮಂದ್ರಸ್ಥಾಯಿ
ಮೇಡಂ, ಹಾಡುವುದು ಯಾವ ಶ್ರುತಿಯಲ್ಲಿ?

ಸಂಗೀತದ_ಟೀಚರ್
ಹಾರ್ಮೋನಿಯಂ ಲೆಕ್ಕದಲ್ಲಿ ನಾಲ್ಕೂವರೆ ಮನೆ (ಎಫ್ ಶಾರ್ಪ್). ಅದಕ್ಕಾಗಿ ಎಲ್ಲರೂ ಎರಡನೇ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್, ಹಾಕುತ್ತಾರೆ. ಅದನ್ನೂ ಹೇಳಬೇಕಿತ್ತೇ?

ಮಂದ್ರಸ್ಥಾಯಿ
ಮೊದಲು ಹೇಳಬೇಕಾದದ್ದೇ ಅದು! ನೀವು ಶ್ರುತಿ ಮಾಡಿದ ಮೇಲೆ ಮಕ್ಕಳು ಕ್ಯಾಪೊ ಹಾಕುತ್ತಾರೆ, ಅಲ್ಲವೇ? ಕ್ಯಾಪೊ ಒತ್ತಿದಾಗ ಸ್ವರ ತುಸು ಏರುತ್ತದೆ, ಒಂದೊಂದು ಗಿಟಾರಿನಲ್ಲಿ ಒಂದೊಂದು ಅಳತೆಗೆ. ನೈಲಾನ್ ಗಿಟಾರಿನಲ್ಲಿ ಹೆಚ್ಚು ಕೆಡುವುದು ದಪ್ಪಗಿರುವ ಮೂರನೇ ತಂತಿ. ಇ ಮೈನರ್ ಹಿಡಿದಾಗ ಗಾಂಧಾರ ಬರುವುದು ಆ ಒಂದೇ ತಂತಿಯಲ್ಲಿ. ಉಳಿದ ಐದೂ ಷಡ್ಜ, ಪಂಚಮ. ನಿಮ್ಮ ತರಗತಿಯಲ್ಲಿ ಈಗ 14 ಬಗೆಯ ಗಾಂಧಾರಗಳಿವೆ.

ಕ್ಯಾಪೊವನ್ನು ಫ್ರೆಟ್ಟಿನ ಹತ್ತಿರ ಕೂರಿಸಿ, ಆಮೇಲೆ ಶ್ರುತಿ ಮಾಡಿ. ಮೂರನೇ ತಂತಿಯನ್ನು ಮೀಟುವುದೇ ಬೇಡ, ಗಾಂಧಾರವನ್ನು ಕೊರಳಿಗೆ ಬಿಡಿ. ನಾಲ್ವರು ಮಂದ್ರದ ಆರನೇ ತಂತಿಯನ್ನು ತಂಬೂರಿಯಂತೆ ನಿಧಾನವಾಗಿ ಮೀಟಲಿ. ನೀರು ಪಾದಕ್ಕೆ ಬಂದಾಗ ಮೂವರು ಒಂದು, ಎರಡನೇ ತಂತಿಗಳೊಂದಿಗೆ ಸೇರಲಿ, ಮೊಣಕಾಲಿಗೆ ಬಂದಾಗ ಇನ್ನು ಮೂವರು, ನಡುವಿಗೆ ಬಂದಾಗ ಉಳಿದವರು. ಮುಳುಗಿದೊಡನೆ ಎಲ್ಲರೂ ಅಂಗೈಯಿಟ್ಟು ತಂತಿಯ ನಾದ ನಿಲ್ಲಿಸಲಿ. ಅಲ್ಲಿ ಒಂದು ಉಸಿರಿನಷ್ಟು ಮೌನ ಇರಬೇಕು.

ನೈಲಾನ್_ತಂತಿ
ಮೂರನೇ ತಂತಿ ಎಂದ ಮೇಲೆ ತಂತಿಯದೇ ತೊಂದರೆ ಎಂದಾಯಿತಲ್ಲ! ಅದೊಂದನ್ನು ಕಾರ್ಬನ್ ತಂತಿಗೆ ಬದಲಿಸಿ, ತೆಳ್ಳಗಿರುತ್ತದೆ.

ಮಂದ್ರಸ್ಥಾಯಿ
ಒಳ್ಳೆಯ ಸಲಹೆಯೇ. ಆದರೆ ಈ ವಾರಕ್ಕೆ ಖರ್ಚಿಲ್ಲದ ದಾರಿ ಬೇಕು.

ಸಂಗೀತದ_ಟೀಚರ್
ಇಂದು ಮಾಡಿಸಿದೆ. ಕಣ್ಣಲ್ಲಿ ನೀರು ಬಂತು. ನೀರು ಮೊಣಕಾಲಿಗೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿ ಹಾಡುವುದನ್ನು ಬಿಟ್ಟು ಸುಮ್ಮನೆ ಕೇಳುತ್ತಿದ್ದಳು. ಕೊನೆಯ ಮೌನದಲ್ಲಿ ಯಾರೂ ಅಲುಗಾಡಲಿಲ್ಲ. ಏಕತಾರಿಯವರೇ, ನಿಮ್ಮ ಮಾತು ನಿಜ, ಮಕ್ಕಳು ಕೇಳಿದ ಮೊದಲ ಪ್ರಶ್ನೆಯೇ “ಮನೆಯವರು ಏಕೆ ಒಪ್ಪಿದರು?” ಎಂದು.

ಇನ್ನೊಂದು ತೊಡಕು ಉಳಿದಿದೆ. ಒಬ್ಬ ಹುಡುಗ ಎಡಗೈಯವನು, ಗಿಟಾರನ್ನು ತಿರುಗಿಸಿ ಹಿಡಿಯುತ್ತಾನೆ. ಆರನೇ ತಂತಿ ಎಂದಾಗಲೆಲ್ಲ ಒಂದನೆಯದನ್ನು ಮೀಟುತ್ತಾನೆ. ತಂತಿಗಳನ್ನು ಅದಲುಬದಲು ಮಾಡಿಸಬೇಕೇ?

ಹನ್ನೆರಡು_ತಂತಿ
ನನ್ನ ಬಳಿ ಎಡಗೈಯವರಿಗೆಂದೇ ಮಾಡಿದ ಗಿಟಾರ್ ಒಂದಿದೆ, ರೋಸ್‌ವುಡ್‌ನದು. ರಾತ್ರಿ ಚಿತ್ರ ಹಾಕುತ್ತೇನೆ.