ಅಪ್‌ಡೇಟ್: ಹೀಟರ್ ಸರಿಹೋಯಿತು

ಮಡಿಕೇರಿಯ ಚಳಿಯಲ್ಲಿ ನನ್ನ ಹಳೇ ಕಾರಿನ ಹೀಟರ್ ತಣ್ಣನೆ ಗಾಳಿ ಬಿಡುತ್ತಿದೆ ಎಂದು ಕೇಳಿದ್ದೆನಲ್ಲ, ಸರಿಹೋಯಿತು! ನೀವು ಹೇಳಿದಂತೆ, ಇಂಜಿನ್‌ನ ಬಿಸಿ ನೀರನ್ನು ಹೀಟರ್‌ಗೆ ಒಯ್ದು ವಾಪಸ್ ತರುವ ಎರಡು ಹೋಸ್‌ಗಳನ್ನು ಮುಟ್ಟಿ ನೋಡಿದೆ. ಒಂದು ಹೋಸ್ ಸುಡುತ್ತಿತ್ತು, ಇನ್ನೊಂದು ಬರೀ ಉಗುರುಬೆಚ್ಚಗೆ. ಅಂದರೆ ಹೀಟರ್ ಕೋರ್ (ಆ ಬಿಸಿ ನೀರು ಹರಿದು ಗಾಳಿಯನ್ನು ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಕಟ್ಟಿಕೊಂಡಿತ್ತು.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಎರಡೂ ಹೋಸ್ ಬಿಚ್ಚಿ, ನೀರು ಹೊರಬರುವ ಕಡೆಯಿಂದ ತೋಟದ ಪೈಪ್ ಹಿಡಿದೆ. ಒತ್ತಡ ಜಾಸ್ತಿ ಕೊಡಲಿಲ್ಲ. ಹಳೇ ಕೋರ್ ಒಡೆದರೆ ಕಷ್ಟ ಅಲ್ವಾ? ಮೊದಲು ಕಾಫಿ ಡಿಕಾಕ್ಷನ್‌ನಂಥ ನೀರು, ಆಮೇಲೆ ತುಕ್ಕಿನ ಚೂರು. ತಿಳಿಯಾಗಲು ಅರ್ಧ ಗಂಟೆ ಹಿಡಿಯಿತು. ಹಳೇ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ವಿಷ, ರುಚಿ ಮಾತ್ರ ಸಿಹಿ. ನಾಯಿ ನೆಕ್ಕೀತು ಎಂದು ಬಕೆಟ್‌ನಲ್ಲೇ ಹಿಡಿದಿಟ್ಟೆ.

ರೇಡಿಯೇಟರನ್ನೂ ತೊಳೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ತುಂಬಿ, ಒಳಗಿನ ಗಾಳಿ ತೆಗೆದೆ. ಇವತ್ತು ಬೆಳಿಗ್ಗೆ ಎರಡೂ ಹೋಸ್ ಬಿಸಿ, ಮುಂದಿನ ಗಾಜು ಬೇಗನೆ ತಿಳಿಯಾಯಿತು. ತುಂಬಾ ಥ್ಯಾಂಕ್ಸ್!