ಬೆಂಗಳೂರಿನ ಅತ್ಯಂತ ಹಳೆಯ ಸಾರ್ವಜನಿಕ ಉದ್ಯಾನ ಯಾವುದು?

ಪ್ರಶ್ನೆ (ಬಳ್ಳಾರಿ): ನಮ್ಮ ಓದುಗರ ಬಳಗದಲ್ಲಿ ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್‌ಗಳ ಪೈಕಿ ಹಿರಿಯದು ಯಾವುದೆಂಬ ಚರ್ಚೆ ಎದ್ದಿದೆ. 1760ರಲ್ಲಿ ಹೈದರಾಲಿ ಆರಂಭಿಸಿದ ಕಾರಣಕ್ಕೆ ಲಾಲ್‌ಬಾಗನ್ನೇ ಹೇಳಬಹುದೇ?

ಉತ್ತರ (ರಾಯಚೂರು): ತೋಟದ ವಯಸ್ಸಷ್ಟನ್ನೇ ಕೇಳಿದರೆ ಹೇಳಬಹುದು. ಆದರೆ ಹೈದರಾಲಿ ಹಾಕಿಸಿ, ಟಿಪ್ಪು ಸುಲ್ತಾನ್ ದೂರದೇಶಗಳಿಂದ ಸಸಿ, ಬೀಜಗಳನ್ನು ತರಿಸಿ ಬೆಳೆಸಿದ ಲಾಲ್‌ಬಾಗ್ ಆಗ ಅರಸರ ತೋಟವಾಗಿತ್ತು. ಅದು ಸರ್ಕಾರಿ ಸಸ್ಯೋದ್ಯಾನವಾದದ್ದು 1856ರಲ್ಲಿ. ಕಬ್ಬನ್ ಪಾರ್ಕ್ ಮಾತ್ರ 1870ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ, ಮೊದಲಿನಿಂದಲೂ ಸಾರ್ವಜನಿಕ ವಿಹಾರಕ್ಕೆಂದೇ ರೂಪುಗೊಂಡಿತು. ಆರಂಭದಲ್ಲಿ ಮೀಡ್ಸ್ ಪಾರ್ಕ್ ಎನಿಸಿಕೊಂಡಿದ್ದ ಅದಕ್ಕೆ 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಅಧಿಕೃತ ಹೆಸರಿದೆಯಾದರೂ, ಆಟೋದವರ ಮುಂದೆ ಹಾಗೆಂದರೆ ಊರು ಸುತ್ತಬೇಕಾದೀತು.

ಪ್ರಶ್ನಿಸಿದವರು: 1856 ಕೂಡ 1870ಕ್ಕಿಂತ ಮೊದಲಿನದೇ ಅಲ್ಲವೇ?

ಉತ್ತರ (ರಾಯಚೂರು): ನಿಜ, ಆದರೆ ಸಸ್ಯೋದ್ಯಾನದ ಮೊದಲ ಕೆಲಸ ಗಿಡಗಳನ್ನು ಸಂಗ್ರಹಿಸಿ ಅಧ್ಯಯನ ಮಾಡುವುದು. ಆದ್ದರಿಂದ ಹಳೆಯ ತೋಟವೆಂಬ ಮಾತಿಗೆ ಲಾಲ್‌ಬಾಗನ್ನೂ, ಜನರಿಗಾಗಿಯೇ ಯೋಜಿಸಿದ ಪಾರ್ಕ್ ಎಂಬುದಕ್ಕೆ ಕಬ್ಬನ್ ಪಾರ್ಕನ್ನೂ ನಾನು ಒಪ್ಪುತ್ತೇನೆ.

ಉತ್ತರ (ಕೊಪ್ಪಳ): ವಯಸ್ಸಿನ ಮಾತಾದರೆ ಲಾಲ್‌ಬಾಗಿನ ಬಂಡೆಯನ್ನು ಬಿಡುವಂತಿಲ್ಲ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಆ ನೈಸ್ (ಭೂಗರ್ಭದ ಶಾಖ, ಒತ್ತಡಗಳಿಂದ ರೂಪಾಂತರಗೊಂಡ) ಶಿಲೆಗೆ ಸುಮಾರು 300 ಕೋಟಿ ವರ್ಷಗಳಾಗಿದ್ದು, ಅದು ನಮ್ಮ ಹಂಪಿ ಭಾಗದ ಗ್ರಾನೈಟ್ ಗುಡ್ಡಗಳಿಗಿಂತಲೂ ಹಳೆಯದು.